ಸಾಸಿವೆ ಸಿಡಿದ ಸದ್ದು

ಕುಂಬಾರಕೊಪ್ಪಲು, ಮೈಸೂರು
20-11-2025, ಗುರುವಾರ

ಲಾಸ್ಯಳ ತಾತನವರಿಗೆ,

ಮನೆಯಲ್ಲಿ ಎಲ್ಲರೂ ಆರೋಗ್ಯವಾಗಿದ್ದಾರೆ. ನೀವು ಹೇಗಿದ್ದೀರಿ ಎಂದು ನಾನು ಕೇಳುವುದಿಲ್ಲ. ಮೊಮ್ಮಗಳು ಸಂಜೆ ನಿಮ್ಮ ಬೋಗಾದಿ ರೂಮಿನಿಂದ ಬಂದವಳೇ ತಾತ ಏನು ತಿಂದರು, ಯಾವ ಅಂಗಿ ಹಾಕಿದ್ದರು ಎಂಬುದರ ತನಕ ಒಪ್ಪಿಸುತ್ತಾಳೆ. ನಾನೇನೂ ಕೇಳುವುದಿಲ್ಲ. ಅವಳೇ ಹೇಳುತ್ತಾಳೆ. ಆ ನೀಲಿ ಅಂಗಿಯ ತೋಳಿನ ಗುಂಡಿ ಬಿದ್ದುಹೋಗಿದೆಯಂತೆ, ಕಳಿಸಿಕೊಡಿ.

ಈ ಕಾಗದವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಲಕೋಟೆಗೆ ಅಂಟು ಹಾಕಿದ್ದೇನೆ. ಬಿಚ್ಚಿದ ಗುರುತು ಕಂಡರೆ ತಿಳಿಸಿ, ಅವಳಿಗಿದೆ.

ಬೋಗಾದಿ ಇಲ್ಲಿಂದ ಒಂದು ಬಸ್ಸಿನ ದಾರಿ, ಕಾಗದ ಯಾಕೆ ಎಂದು ನೀವು ಹುಬ್ಬು ಗಂಟಿಕ್ಕುತ್ತೀರಿ. ಹೋದ ವಾರ ಫೋನು ಮಾಡಿದ್ದೆನಲ್ಲ. 'ಸ್ನಾನಕ್ಕೆ ಬಿಸಿನೀರಿಗೆ ಏನ್ ಮಾಡ್ಕೊಂಡಿದೀರಿ?' ಎಂದು ಕೇಳಿದೆ. 'ಹೂಂ, ಭಾನುವಾರವೇ' ಎಂದಿರಿ. ಇನ್ನೊಮ್ಮೆ ಕೇಳಿದೆ. 'ಆಯ್ತಾಯ್ತು' ಎಂದು ಇಟ್ಟುಬಿಟ್ಟಿರಿ. ಸೊಸೆ ಸುಷ್ಮಾ ಅಲ್ಲೇ ಬಟ್ಟೆ ಮಡಿಸುತ್ತಿದ್ದಳು. 'ಮಾವನೋರ ಕೋಪ ಇನ್ನೂ ಇಳಿದಿಲ್ಲ ಕಣತ್ತೆ' ಎಂದಳು. ಇರಬೇಕು ಎಂದೆ. ಅದು ಕೋಪವಲ್ಲ ಎಂಬುದು ನನಗೆ ಗೊತ್ತಿತ್ತು. ನಾನು ಹೇಳಬೇಕಾದ ಮಾತು ನಿಮಗೆ ಮುಟ್ಟಬೇಕಾದರೆ ಕೂಗಿ ಹೇಳಬೇಕು. ಕೂಗಿದರೆ ಇಲ್ಲಿ ಪಕ್ಕದ ಮನೆ ಪದ್ಮಾವತಿಗೂ ಅಲ್ಲಿ ಆಚೆ ರೂಮಿನ ಹುಡುಗರಿಗೂ ಕೇಳುತ್ತದೆ. ಇದು ಕೂಗಿ ಹೇಳುವ ಮಾತಲ್ಲ.

ಭಾನುವಾರ ಲಾಸ್ಯ ಗಿಟಾರು ನುಡಿಸುತ್ತಾಳೆ. ಅವಳ ಕಾಲೇಜಿನವರೆಲ್ಲ ಬರುತ್ತಾರೆ, ನಿಮ್ಮ ಹೆಬ್ಬಾಳದ ಕಾರ್ಖಾನೆಯ ಹಳಬರೂ ಬರುತ್ತಾರಂತೆ. ನೀವು ಕೈಯಾರೆ ಟ್ರಾನ್ಸ್‌ಫಾರ್ಮರ್ ಸುತ್ತಿ, ಹಳೇ ರೇಡಿಯೋಗಳ ವಾಲ್ವು ಹುಡುಕಿ ತಂದು ಮಾಡಿದ ಆಂಪ್ಲಿಫೈಯರ್ ಪೆಟ್ಟಿಗೆಯನ್ನು ಅವತ್ತು ವೇದಿಕೆಯ ಮೇಲಿಡುತ್ತೀರಿ. 'ಅದರ ನಾಬುಗಳನ್ನ ಯಾರೂ ಮುಟ್ಟಕೂಡ್ದು, ನಾನೇ ಪಕ್ಕದಲ್ಲಿ ನಿಂತು ತಿರುಗಿಸ್ತೀನಿ' ಎಂದಿದ್ದೀರಂತೆ. ನಿನ್ನೆ ಮಗು ನನ್ನ ಮುಂದೆ ಅತ್ತಳು. ಎಡಗೈ ಬೆರಳುಗಳ ತುದಿಗೆಲ್ಲ ಪ್ಲಾಸ್ಟರ್ ಸುತ್ತಿಕೊಂಡಿದ್ದಾಳೆ. ನಿಮ್ಮ ಹಳೇ ಕ್ಯಾಸೆಟ್ಟಿನ ಹ್ಯಾಟಿನವನು ಗಿಟಾರಿಗೆ ದಪ್ಪ ತಂತಿ ಹಾಕುತ್ತಿದ್ದನೆಂದು ಇವಳಿಗೂ ಅದನ್ನೇ ಹಾಕಿಸಿದ್ದೀರಲ್ಲ. ಬೆರಳು ನೋಯುತ್ತದೆಯೇ ಎಂದು ಕೇಳಿದೆ.

'ಬೆರಳಿಗಲ್ಲ ಅಜ್ಜಿ. ತಾತ ಟ್ರೆಬಲ್ಲು, ಆ ಕೀರಲು ದನಿ, ಏರಿಸ್ತಾನೇ ಇದಾರೆ. ಡ್ರಮ್ಸ್ ಬಾರಿಸೋ ಸಿಂಚನ ಕಿವಿಗೆ ಹತ್ತಿ ಇಟ್ಕೊಂಡು ಕೂರ್ತಾಳೆ. ತಾತ ಟೀ ಕುಡಿಯಕ್ಕೆ ಇಳಿದಾಗ ನಾವು ಕಮ್ಮಿ ಮಾಡ್ತೀವಿ, ಬಂದು ಕೇಳ್ಬುಟ್ಟು ಮಂದ ಆಯ್ತು ಅಂತ ಮತ್ತೆ ಏರಿಸ್ತಾರೆ. ಯಾವುದೋ ವಾಲ್ವು ಹೋಗಿದೆ ಅಂತ ಬಿಚ್ತಾರೆ. ಚೆನ್ನಾಗಿರೋ ವಾಲ್ವುಗಳನ್ನೆಲ್ಲ ಕಿತ್ತಿಟ್ಟವ್ರೆ.'

'ಬಾಯಿ ಇರಲಿಲ್ವೇನೇ ನಿಮಗೆ?' ಎಂದು ಗದರಿದೆ.

'ನೀವು ಹೇಳ್ತಿದ್ರಾ ಅಜ್ಜಿ?' ಎಂದಳು.

ಹಿರಿಯರ ಮುಖಕ್ಕೆ ಅವರ ಕುಂದನ್ನು ಹೇಳಬಾರದು ಎಂದು ಅವಳಿಗೆ ಕಲಿಸಿದವಳು ನಾನೇ.

ನನಗೆ ಸಂಗೀತ ತಿಳಿಯದು. ನಾನು ಹೈಸ್ಕೂಲು ಮುಗಿಸಿ ನಿಮ್ಮ ಮನೆಗೆ ಬಂದವಳು. ಆದರೆ ಆ ಒಂದು ದನಿ ನನಗೆ ಗೊತ್ತು. ನಮ್ಮ ಮಗ ಮಹದೇವಪ್ರಸಾದ ತೊಟ್ಟಿಲಲ್ಲಿದ್ದಾಗ, ನಿಮ್ಮ ಕಾರ್ಖಾನೆಗೆ ಯಂತ್ರ ಜೋಡಿಸಲು ಬಂದಿದ್ದ ಪರದೇಶದ ಇಂಜಿನಿಯರು ಊರಿಗೆ ಹೊರಡುವಾಗ ಒಂದು ಕ್ಯಾಸೆಟ್ಟು ಕೊಟ್ಟುಹೋದ. ಮೇಲೆ ಹ್ಯಾಟು ಹಾಕಿದವನ ಚಿತ್ರ. ಬ್ಲೂಸ್ ಎಂದಿರಿ, ರಾಕ್ ಎಂದಿರಿ, ಲೋಕವೆಲ್ಲ ಇವನನ್ನು ಕೊಂಡಾಡುತ್ತದೆ ಎಂದಿರಿ. ಶಿಫ್ಟು ಮುಗಿಸಿ ಬಂದರೆ ಅದೇ, ಭಾನುವಾರವೂ ಅದೇ. ನೀವು ನಡುಮನೆಯಲ್ಲಿ ಕೂತು ಕೇಳಿದಿರಿ, ನಾನು ಗೋಡೆಯ ಈಚೆ ಒಲೆಯ ಮುಂದೆ ನಿಂತು ಕೇಳಿದೆ. ನನಗೆ ಎದ್ದುಹೋಗುವ ಅವಕಾಶ ಇರಲಿಲ್ಲ. ಅವನು ಒಂದು ತಂತಿಯನ್ನು ಎಳೆದು ಹಿಡಿದರೆ, ಹದವಾಗಿ ಕಾದ ತುಪ್ಪಕ್ಕೆ ಕರಿಬೇವು ಬಿದ್ದ ಹಾಗೆ ಒಂದು ಕ್ಷಣ ಚಟಗುಟ್ಟಿ, ಆಮೇಲೆ ದುಂಡಗಾಗಿ ನಿಲ್ಲುತ್ತಿತ್ತು. ಸೀಳುತ್ತಿರಲಿಲ್ಲ. ಸೀಳಿದ್ದರೆ ತೊಟ್ಟಿಲಲ್ಲಿದ್ದ ಮಗು ಎದ್ದುಬಿಡುತ್ತಿತ್ತು. ಅವನು ಒಂದು ದಿನವೂ ಏಳಲಿಲ್ಲ.

ಅದು ಚೆನ್ನಾಗಿತ್ತು ಎಂದು ನಾನು ಹೇಳುತ್ತಿಲ್ಲ. ಅದು ಹೇಗಿತ್ತು ಎಂದು ಹೇಳುತ್ತಿದ್ದೇನೆ.

ಆ ಟೇಪು ತುಂಡಾಗಿ ಎಷ್ಟೋ ವರ್ಷವಾಯಿತು. ಈಗ ಲಾಸ್ಯ ಮೊಬೈಲಿನಲ್ಲಿ ಅವನದೇ ಹಾಡು ಹಾಕಿ ತೋರಿಸಿದರೆ ಮೊಬೈಲು ಸರಿಯಿಲ್ಲ, ದನಿ ಮಂದ ಎನ್ನುತ್ತೀರಿ. ಟಿವಿಯ ವಾರ್ತೆ ಮಂದ. ಸ್ಪೀಕರ್ ಮಂದ. ವಾಲ್ವು ಮಂದ. ಒಂದು ಪಲ್ಯ ಸಪ್ಪೆಯಾದರೆ ಉಪ್ಪು ಕಡಿಮೆಯಾಗಿದೆ ಎಂದುಕೊಳ್ಳಬಹುದು. ಎಲೆಯ ಮೇಲೆ ಬಡಿಸಿದ್ದೆಲ್ಲವೂ ಸಪ್ಪೆ ಎನಿಸಿದರೆ, ಉಂಡವನಿಗೆ ಜ್ವರ ಬಂದಿದೆ ಎಂದೇ ಅರ್ಥ.

ಬರೆದುಬಿಟ್ಟೆ. ಇನ್ನು ಉಳಿದದ್ದನ್ನೂ ಬರೆಯುತ್ತೇನೆ.

ಗೌರಿ ಹಬ್ಬದ ಮಾರನೆಯ ಬೆಳಿಗ್ಗೆ ನೀವು ಕಾಫಿಗೆಂದು ಅಡುಗೆಮನೆಗೆ ಬಂದು, ಒಲೆಗೆ ಬೆನ್ನು ಮಾಡಿ, ಕಿಟಕಿಯ ಬೆಳಕಿಗೆ ಪೇಪರ್ ಹಿಡಿದು ನಿಂತಿದ್ದಿರಿ. ನಾನು ಚಿತ್ರಾನ್ನದ ಒಗ್ಗರಣೆಗೆ ಸಾಸಿವೆ ಹಾಕಿದ್ದೆ. ಅದು ಪಟಪಟನೆ ಸಿಡಿದು ಕಟ್ಟೆಯ ತುಂಬ ಹಾರುತ್ತಿತ್ತು. ನೀವು ತಿರುಗದೆಯೇ, 'ಎಣ್ಣೆ ಕಾದ ವಾಸನೆ ಬರ್ತಿದೆ ಪ್ರೇಮ, ಸಾಸಿವೆ ಹಾಕ್ಬಾರ್ದಾ' ಎಂದಿರಿ. ತಮಾಷೆ ಮಾಡುತ್ತಿದ್ದೀರಿ ಎಂದುಕೊಂಡೆ. ಪೇಪರಿನ ಅಂಚಿನಿಂದ ನಿಮ್ಮ ಮುಖ ಕಂಡಿತು. ತಮಾಷೆ ಇರಲಿಲ್ಲ. ನಾನು ಬಾಣಲೆಗೆ ತಟ್ಟೆ ಮುಚ್ಚಿ, 'ಹಾಕ್ತೀನಿ' ಎಂದೆ.

ಅಂದಿನಿಂದ ನಾನು ಎದುರಿಗೆ ಬಂದು ನಿಂತೇ ನಿಮ್ಮೊಡನೆ ಮಾತಾಡುತ್ತಿದ್ದೇನೆ. ನೀವು ಗಮನಿಸಿರಲಿಕ್ಕಿಲ್ಲ. ಬಾಗಿಲಿನ ಬೆಲ್ಲಿಗೆ ಹಕ್ಕಿಯ ದನಿ ತೆಗೆಸಿ ದಪ್ಪ ದನಿ ಹಾಕಿಸಿದ್ದು ಹಕ್ಕಿ ನನಗೆ ಬೇಸರವಾಯಿತೆಂದಲ್ಲ.

ನಿಮ್ಮ ತಂದೆಯವರಿಗೆ ಕಿವಿ ಹೋದಾಗ ಈ ಮನೆಯಲ್ಲಿ ಏನಾಯಿತು ಎಂದು ನಾನು ಕಣ್ಣಾರೆ ಕಂಡಿದ್ದೇನೆ. ಪಂಕ್ತಿಯಲ್ಲಿ ಅವರನ್ನು ಕೂರಿಸಿಕೊಂಡೇ ಅವರ ಮೇಲೆ ಮಾತಾಡಿ ನಗುತ್ತಿದ್ದರು. ಎಲ್ಲರೂ ನಕ್ಕರೆ ತಾವೂ ನಗುತ್ತಿದ್ದರು, ಪಾಪ, ಯಾವುದಕ್ಕೆಂದು ತಿಳಿಯದೆ. ನಗದೆ ಇದ್ದವರು ನೀವೊಬ್ಬರೇ. ಬಗ್ಗಿ, ಕಿವಿಯ ಹತ್ತಿರ, ನಡೆದ ಮಾತನ್ನು ಹೇಳುತ್ತಿದ್ದಿರಿ. ಈ ಮನೆಯಲ್ಲಿ ಇನ್ನೊಮ್ಮೆ ಹಾಗಾಗಲು ನಾನು ಬಿಡುವುದಿಲ್ಲ. ಅದಕ್ಕೇ ಮಗನಿಗೂ ಹೇಳಲಿಲ್ಲ, ಸೊಸೆಗೂ ಹೇಳಲಿಲ್ಲ.

ಇನ್ನು ಆಯುಧ ಪೂಜೆಯ ಮಾತು. ಅವತ್ತು ಬೆಳಿಗ್ಗೆ ನೀವು ಸ್ನಾನಕ್ಕೆ ಹೋಗಿದ್ದಿರಿ. ಲಾಸ್ಯ ನಿಮ್ಮ ಪೆಟ್ಟಿಗೆಯ ನಾಬುಗಳನ್ನು ತನ್ನ ಕಿವಿಗೆ ಸರಿಯೆನಿಸುವಂತೆ ತಿರುಗಿಸಿಕೊಂಡು ನುಡಿಸಿದಳು. ಅವಳನ್ನು ಬಯ್ಯಬೇಡಿ. ನಾನು ಒಳಗೆ ಕಡಲೆಬೇಳೆ ಬೇಯಿಸುತ್ತಿದ್ದೆ. ಗೋಡೆಯಾಚೆಯಿಂದ ಅದು ಬಂತು. ಅದೇ. ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಮಹದೇವಪ್ರಸಾದನ ತೊಟ್ಟಿಲು ತೂಗಬೇಕು ಎಂಬಂತೆ ಕೈ ಮುಂದಕ್ಕೆ ಹೋಯಿತು. ಅವನಿಗೆ ಈಗ ತಲೆ ನರೆಯುತ್ತಿದೆ.

ಆಮೇಲೆ ಪೂಜೆಯ ತಟ್ಟೆ ಹಿಡಿದು ಬಂದು ನಿಮ್ಮ ಸ್ಕೂಟರಿಗೆ, ಬೆಸುಗೆ ಹಾಕುವ ಸಾಮಾನಿಗೆ, ಪೆಟ್ಟಿಗೆಗೆ ಎಲ್ಲಕ್ಕೂ ವಿಭೂತಿ ಕುಂಕುಮ ಇಟ್ಟೆ. ಪೂಜೆ ಮುಗಿಸಿ ನೀವು ಪೆಟ್ಟಿಗೆ ಹಾಕಿ ಅವಳಿಂದ ನುಡಿಸಿದಿರಿ. ಹಿಂದಿನ ದಿನ ನೀವು ಏರಿಸಿಟ್ಟಿದ್ದ ಟ್ರೆಬಲ್ಲು ಇರಲಿಲ್ಲವಲ್ಲ. 'ಸತ್ತೋಯ್ತು ದನಿ! ಒಂದು ಬೊಟ್ಟು ಸಾಲ್ದು ಅಂತ ಮೂರು ಮೂರು ಬೊಟ್ಟು ಬಳಿದವ್ಳೆ. ಕುಂಕುಮದ ಪುಡಿಯೆಲ್ಲ ಸ್ಪೀಕರಿನೊಳಕ್ಕೆ ಇಳಿದುಬುಟ್ಟಿದೆ' ಎಂದು ಮಗ ಸೊಸೆಯರ ಮುಂದೆ ಕೂಗಾಡಿದಿರಿ. 'ನಿನಗೆ ಮೊದಲಿಂದ ಆ ಸದ್ದು ಕಂಡ್ರಾಗದು, ಬೇಕಂತ್ಲೇ ಮಾಡಿದೀಯ' ಎಂದಿರಿ. ಪದ್ಮಾವತಿ ಕಾಂಪೌಂಡಿನ ಮೇಲೆ ಕತ್ತು ಚಾಚಿದ್ದಳು.

ನಾನು ಒಂದು ಮಾತು ಹೇಳಿದ್ದರೆ ಅಲ್ಲಿಗೆ ನಿಂತುಹೋಗುತ್ತಿತ್ತು. ಅಷ್ಟು ಜನರ ಮುಂದೆ ಹೇಳಲಿಲ್ಲ. 'ಆಗದಿದ್ರೆ ಬೇರೆ ಜಾಗ ನೋಡ್ಕೊಳ್ಳಿ' ಎಂದು ಮಾತ್ರ ಹೇಳಿದೆ. ನೀವು ನೋಡಿಕೊಂಡಿರಿ. ಅಷ್ಟು ಬೇಗ ನೋಡಿಕೊಳ್ಳುತ್ತೀರೆಂದು ನಾನು ಎಣಿಸಿರಲಿಲ್ಲ. ಸುತ್ತಮುತ್ತ ಕಟ್ಟಡದ ಕೆಲಸ ನಡೆಯುವ ಕಡೆ, ಸದ್ದು ಮಾಡಿದರೆ ಯಾರೂ ಕೇಳುವುದಿಲ್ಲವೆಂದು, ಹುಡುಗರ ನಡುವೆ ಒಂದು ರೂಮು. ಮೊನ್ನೆ ಪದ್ಮಾವತಿ ಕೇಳುತ್ತಾಳೆ: 'ಏನ್ರೀ, ನಿಮ್ಮನೆ ಗಿರಣಿ ನಿಂತೋಯ್ತಾ? ಬೇಜಾರಾಗ್ತಿದೆ ಕಣ್ರೀ.' ಇಷ್ಟು ದಿನ ಬಯ್ದದ್ದು ಅವಳೇ. 'ನಿಮಗೆ ಬೇಜಾರಾದ್ರೆ ರೇಡಿಯೋ ಹಾಕ್ಕೊಳಿ' ಎಂದು ಬಾಗಿಲು ಹಾಕಿಕೊಂಡೆ.

ಇವತ್ತಿಗೆ ಕಾರ್ತಿಕ ಮುಗಿಯಿತು. ದೀಪವನ್ನು ಸುಷ್ಮಾ ಹಚ್ಚಿದಳು. ನೀವು ಹಚ್ಚುವ ಮೂಲೆಯದನ್ನು ನಾನು ಹಚ್ಚಿದೆ.

ಈಗ ನೀವು ಏನು ಮಾಡಬೇಕೆಂದು ಹೇಳುತ್ತೇನೆ. ಭಾನುವಾರ ಅಷ್ಟು ಜನರೆದುರು ನೀವು ಟ್ರೆಬಲ್ಲು ಏರಿಸಿ, ಅವರು ಕಿವಿ ಮುಚ್ಚಿಕೊಂಡು ಒಬ್ಬರ ಮುಖ ಒಬ್ಬರು ನೋಡಿ ನಗಬಾರದು. ಮಗುವಿನ ಕೈ ಅಷ್ಟು ನೊಂದದ್ದು ವ್ಯರ್ಥವಾಗಬಾರದು. ನೀವು ಮಾಡಿದ ಪೆಟ್ಟಿಗೆಯಲ್ಲಿ ಕೆಟ್ಟದ್ದು ಏನೂ ಇಲ್ಲ. ಅದು ಸರಿಯಾಗಿ ಬಹಳ ದಿನವಾಯಿತು. ಅದರ ಪಕ್ಕದಲ್ಲಿ ಇಡೀ ದಿನ ಕೂತು ಕಿವಿಯಲ್ಲಿ ಉಳಿದದ್ದನ್ನೂ ಕಳೆದುಕೊಳ್ಳಬೇಡಿ.

ವಾಕ್ ಶ್ರವಣ ಸಂಸ್ಥೆ ನಿಮಗೆ ದೂರವಲ್ಲ. ಅದರ ಗೇಟಿನ ಎದುರಿಗೇ ದಿನಾ ಟೀ ಕುಡಿಯುತ್ತೀರಂತೆ. ಇಡೀ ಊರಿನ ಕಿವಿ ನೋಡುವವರ ಬಾಗಿಲಲ್ಲಿ ನಿಂತು ಟೀ ಕುಡಿದು, ಮೇಲೆ ಹೋಗಿ ವಾಲ್ವು ಬದಲಾಯಿಸುತ್ತೀರಿ. ಸೋಮವಾರ ಬೆಳಿಗ್ಗೆ ನಾನು ಆ ಗೇಟಿನ ಹತ್ತಿರ ಇರುತ್ತೇನೆ. ಒಳಗೆ ಚೀಟಿ ಮಾಡಿಸುವ ಕಡೆ ಹೆಸರು ಕರೆಯುತ್ತಾರೆ. ನಾನು ಪಕ್ಕದಲ್ಲೇ ಕೂತಿರುತ್ತೇನೆ. ಯಾರೂ ಎರಡನೇ ಸಲ ಕರೆಯಬೇಕಾಗುವುದಿಲ್ಲ.

ಅಲ್ಲಿಂದ ನೀವು ಬೋಗಾದಿಗೆ ಹೋಗುತ್ತೀರೋ ಈ ಕಡೆಗೆ ಬರುತ್ತೀರೋ ನಿಮಗೆ ಬಿಟ್ಟದ್ದು. ನಾನು ಕರೆಯುತ್ತಿಲ್ಲ. ನಡುಮನೆಯಲ್ಲಿ ಪೆಟ್ಟಿಗೆಯ ಜಾಗಕ್ಕೆ ಸುಷ್ಮಾ ಶೂ ಸ್ಟ್ಯಾಂಡ್ ತಂದಿಟ್ಟಿದ್ದಳು. ತೆಗೆಸಿದ್ದೇನೆ. ಅದು ಅಲ್ಲಿ ಚೆನ್ನಾಗಿ ಕಾಣುತ್ತಿರಲಿಲ್ಲ.

ಇಂತಿ,
ಪ್ರೇಮಲೀಲಾ

ಮತ್ತೊಂದು ಮಾತು: ಪೆಟ್ಟಿಗೆಯ ಮುಂದಿನ ಹಲಗೆಯ ಮೇಲೆ ನಾನಿಟ್ಟ ಬೊಟ್ಟುಗಳನ್ನು ನೀವಿನ್ನೂ ಒರೆಸಿಲ್ಲವೆಂದು ಲಾಸ್ಯ ಹೇಳಿದಳು. ಅಷ್ಟು ಕೋಪವಿದ್ದರೂ ಒರೆಸಲಿಲ್ಲವಲ್ಲ. ಪೂಜೆಗಾಗಿ ಆಗಿದ್ದರೆ ನಡುವೆ ಒಂದೇ ಬೊಟ್ಟು ಇಡುತ್ತಿದ್ದೆ. ಅವತ್ತು ಬೆಳಿಗ್ಗೆ ಆ ದನಿ ಬಂದಾಗ ಮೂರು ನಾಬುಗಳ ಗೆರೆ ಎಲ್ಲೆಲ್ಲಿ ನಿಂತಿತ್ತೋ ಅಲ್ಲಲ್ಲಿಗೆ ಸರಿಯಾಗಿ ಒಂದೊಂದು ಇಟ್ಟಿದ್ದೇನೆ. ನೀವು ಸ್ನಾನದಿಂದ ಬಂದು ತಿರುಗಿಸಿಬಿಟ್ಟರೆ ಅದು ಮತ್ತೆ ಸಿಗುವುದಿಲ್ಲ ಎಂದು ಹೆದರಿಕೆಯಾಯಿತು. ಭಾನುವಾರ ಗೆರೆಗಳನ್ನು ಬೊಟ್ಟಿನ ನೇರಕ್ಕೆ ತಂದು ಕೈ ಬಿಡಿ. ನಿಮಗೆ ಮಂದವೆನಿಸುತ್ತದೆ, ಎನಿಸಲಿ. ನಾನು ಮೊದಲ ಸಾಲಿನಲ್ಲಿ ಕೂತಿರುತ್ತೇನೆ. ಪೆಟ್ಟಿಗೆಯನ್ನು ಕೇಳಬೇಡಿ, ನನ್ನ ಮುಖ ನೋಡಿ.