ಬಾಗಿಲು ತೆಗೆಯುವ ಹೊತ್ತು

ಮನೆ, ಎರಡನೇ ಮಹಡಿ
ಮಾರ್ಚ್ 9, ಭಾನುವಾರ ಬೆಳಿಗ್ಗೆ

ಪ್ರೀತಿಯ ಮಗಳ ಅಪ್ಪನಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತಾ? ಇಂಜಿನ್ ಕೋಣೆಯ ಸೆಕೆಯಿಂದ ನೇರ ಹಡಗಿನ ಮೇಲಿನ ಗಾಳಿಗೆ ಹೋಗಿ ನಿಲ್ಲಬೇಡಿ ಅಂತ ಹೇಳಿ ಹೇಳಿ ನನ್ನ ಬಾಯಿ ಬತ್ತಿದೆ, ಕಾಗದದಲ್ಲಿ ಓದಿದರಾದರೂ ತಲೆಗೆ ಹೋಗುತ್ತದೋ ನೋಡೋಣ. ನಾವಿಬ್ಬರೂ ಚೆನ್ನಾಗಿದ್ದೇವೆ. ಅಡುಗೆಮನೆಯ ನಲ್ಲಿ ಸೋರುತ್ತಿತ್ತು, ನಿಮ್ಮ ಸ್ಪ್ಯಾನರ್ ತೆಗೆದುಕೊಂಡು ನಾನೇ ಸರಿ ಮಾಡಿದೆ. ಮುಖ ಗಂಟಿಕ್ಕಬೇಡಿ, ಒರೆಸಿ ಇದ್ದ ಜಾಗದಲ್ಲೇ ಇಟ್ಟಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಾಲ್ಕು ತಿಂಗಳಿಂದ ನಿಮ್ಮಿಂದ ಒಂದು ಸಂಗತಿ ಮುಚ್ಚಿಟ್ಟಿದ್ದೆ. ಗೆದ್ದಾಗಿದೆ, ಇನ್ನು ಧೈರ್ಯವಾಗಿ ಬರೆಯಬಹುದು. ಸಂಗೀತ ಸಭಾಂಗಣದಲ್ಲಿ ನನ್ನನ್ನು ಬಾಗಿಲಿನಿಂದ ತೆಗೆದು ಕೋಟು, ಕೊಡೆ ಇಡುವ ಕೋಣೆಗೆ ಹಾಕಿದ್ದರು. ತಪ್ಪು ನನ್ನದೇ. ನಿಮಗೆ ಗೊತ್ತಲ್ಲ, ತಡವಾಗಿ ಬಂದವರನ್ನು ಕಂಡಕಂಡ ಹೊತ್ತಿಗೆ ಒಳಗೆ ಬಿಡುವ ಹಾಗಿಲ್ಲ, ಒಂದು ಭಾಗ ಮುಗಿದು ಇನ್ನೊಂದು ಶುರುವಾಗುವ ಸಂದಿನಲ್ಲಿ ಮಾತ್ರ ಬಾಗಿಲು ತೆಗೆಯಬೇಕು. ಆರು ವರ್ಷ ನಾನು ಅದನ್ನು ಅಂದಾಜಿನ ಮೇಲೇ ನಡೆಸಿಕೊಂಡು ಬಂದೆ. ಸದ್ದು ನಿಂತಿತಾ, ಮುಗಿಯಿತು, ತೆಗೆ ಬಾಗಿಲು. ಅವತ್ತೂ ಸದ್ದು ನಿಂತಿತು, ನಾನು ತೆಗೆದೆ, ಮೂವರು ಒದ್ದೆ ಕೊಡೆ ಹಿಡಿದು ನುಗ್ಗಿದರು. ನೋಡಿದರೆ ಅದು ಮುಗಿದದ್ದಲ್ಲ, ನಡುವೆ ಒಂದು ಗಳಿಗೆ ಉಸಿರು ಹಿಡಿದದ್ದು ಅಷ್ಟೆ. ಒಂದು ಕೊಡೆ ಕೈತಪ್ಪಿ ಮೆಟ್ಟಿಲು ಮೆಟ್ಟಿಲಾಗಿ ಉರುಳಿಕೊಂಡು ಮುಂದಿನ ಸಾಲಿನವರೆಗೂ ಹೋಯಿತು. ವಾದ್ಯದವರನ್ನು ನಡೆಸುವ ಕಂಡಕ್ಟರ್ ತಿರುಗಿದರು, ಆರುನೂರು ಜನ ತಿರುಗಿದರು. ಆ ಆರುನೂರರಲ್ಲಿ ನಮ್ಮ ಮಗಳೂ ಇದ್ದಳು, ಸಂಗೀತಶಾಲೆಯ ಗೆಳತಿಯರ ಜೊತೆ.

ಕೋಟಿನ ಕೋಣೆಗೆ ಹಾಕಿದ್ದು ನನಗೆ ಅಷ್ಟೇನೂ ನೋಯಲಿಲ್ಲ. ಇವಳು ಮನೆಗೆ ಬಂದು, ನನ್ನ ಮುಖ ನೋಡದೆ, ‘ಮಾರ್ಚಿನಲ್ಲಿ ನಮ್ಮ ಆರ್ಕೆಸ್ಟ್ರಾ ಅಲ್ಲೇ ನುಡಿಸುತ್ತೆ. ಅವತ್ತು ನೀನು ಬಾಗಿಲಲ್ಲಿ ನಿಲ್ಲಬೇಡಮ್ಮ’ ಅಂದಳು. ಆ ಮಾತು ಚುಚ್ಚಿತು. ಗೆಳತಿಯರಿಗೆ ನಾನು ಸಭಾಂಗಣದ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ ಅಂತ ಹೇಳಿಟ್ಟಿದ್ದಳು ಅನ್ನುವುದೂ ಆಮೇಲೆ ಗೊತ್ತಾಯಿತು. ಬೈಯಲಿಲ್ಲ. ಹದಿನಾರು ವರ್ಷ, ಆ ವಯಸ್ಸಿಗೆ ತಾಯಿ ಕೆಮ್ಮಿದರೂ ನಾಚಿಕೆ. ಆದರೆ ಅವತ್ತೇ ಮನಸ್ಸಿನಲ್ಲಿ ಹಟ ಕಟ್ಟಿದೆ, ಮಾರ್ಚಿನ ಹೊತ್ತಿಗೆ ಅದೇ ಬಾಗಿಲಲ್ಲಿ ನಾನೇ ನಿಂತಿರಬೇಕು, ಅವಳು ತಲೆ ಎತ್ತಿಕೊಂಡು ನುಡಿಸಬೇಕು. ನಿಮ್ಮ ಹೆಂಡತಿಯ ಹಟ ನಿಮಗೆ ಗೊತ್ತಿಲ್ಲದ್ದೇನಲ್ಲ.

ಪಿಯಾನೊಗೆ ಶ್ರುತಿ ಕೂಡಿಸಲು ಬೆಳಿಗ್ಗೆ ಬರುವ ಅಜ್ಜನನ್ನು ಹಿಡಿದೆ. ನನಗೆ ಕಲಿಸಿಕೊಡಿ, ಯಾವುದು ಎಲ್ಲಿ ಮುಗಿಯುತ್ತದೆ ಅಂತ ಗೊತ್ತಾದರೆ ಸಾಕು ಅಂದೆ. ಫೀಸು ಅಂದರೆ ದಿನಾ ಒಂದು ಫ್ಲಾಸ್ಕ್ ಚಹಾ. ಮೊದಮೊದಲು ಎಲ್ಲ ಕಬ್ಬಿಣದ ಕಡಲೆ. ಅಜ್ಜ ಸಿಡುಕ, ಆದರೆ ಕಲಿಸುವುದರಲ್ಲಿ ಕೈ ಪಳಗಿದೆ, ತಾನೇ ನುಡಿಸಿ ತೋರಿಸುತ್ತಾನೆ. ಒಂದು ಧಾಟಿ ಹಿಡಿದು ಅದನ್ನೇ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ತೋರಿಸುವುದು ಒಂದು ಬಗೆ. ಒಂದೇ ಬಟ್ಟೆಯಲ್ಲಿ ಮಗಳಿಗೆ ಲಂಗ, ಮಿಕ್ಕಿದ್ದರಲ್ಲಿ ದಿಂಬಿನ ಕವರು, ಕೊನೆಗೆ ಕೈಚೀಲ ಹೊಲಿಯುತ್ತೇನಲ್ಲ, ಹಾಗೆ. ರೊಂಡೊ ಅಂತ ಇನ್ನೊಂದು ಇದೆ. ಅದನ್ನು ತಿಳಿಯಲು ನನಗೆ ಅಜ್ಜನೇ ಬೇಕಿರಲಿಲ್ಲ, ನಿಮ್ಮ ಅಕ್ಕ ಮಾತಾಡುವುದೇ ರೊಂಡೊ. ಮದುವೆ ವಿಷಯ ಎತ್ತಿ, ಬೆಲೆ ಏರಿದ್ದು ಎತ್ತಿ, ಪ್ರತಿಸಲ ತಮ್ಮ ಮಂಡಿನೋವಿಗೇ ವಾಪಸು ಬರುತ್ತಾರೆ. ಅವರಿಗೆ ಇದನ್ನು ಹೇಳಬೇಡಿ ಮತ್ತೆ.

ಸೊನಾಟಾ ಅನ್ನುವ ಕಟ್ಟು ಮಾತ್ರ ನನ್ನನ್ನು ಒಂದು ತಿಂಗಳು ಸತಾಯಿಸಿತು. ಇಡೀ ಆರ್ಕೆಸ್ಟ್ರಾ ಸೇರಿ ನುಡಿಸುವ ಸಿಂಫನಿಗೆ ಸಾಮಾನ್ಯವಾಗಿ ನಾಲ್ಕು ಭಾಗ, ಅದರ ಮೊದಲನೇ ಭಾಗ ಹೆಚ್ಚಾಗಿ ಈ ಕಟ್ಟಿನಲ್ಲೇ ಇರುತ್ತದೆ. ಮೊದಲು ಒಂದು ಧಾಟಿ ಬರುತ್ತದೆ, ಗಟ್ಟಿ ಸ್ವಭಾವದ್ದು. ಆಮೇಲೆ ಬೇರೆ ಶ್ರುತಿಯಲ್ಲಿ ಎರಡನೆಯದು, ಕೊಂಚ ಮೆತ್ತಗೆ. ನಡುವೆ ಎರಡನ್ನೂ ತುಂಡು ತುಂಡು ಮಾಡಿ ಎಲ್ಲೆಲ್ಲೋ ಅಲೆದಾಡಿಸುತ್ತಾರೆ, ಇನ್ನು ದಾರಿ ಸಿಗುವುದಿಲ್ಲ ಅನ್ನಿಸುವಷ್ಟು. ಕೊನೆಗೆ ಮೊದಲನೆಯದು ಮನೆಗೆ ಬರುತ್ತದೆ, ಅದರ ಹಿಂದೆಯೇ ಎರಡನೆಯದು. ಮತ್ತು ಈ ಸಲ ಎರಡನೆಯದು ತನ್ನ ಶ್ರುತಿ ಬಿಟ್ಟು ಮೊದಲನೆಯದರ ಶ್ರುತಿಗೇ ಹೊಂದಿಕೊಂಡಿರುತ್ತದೆ. ನಮ್ಮ ಮನೆಯಲ್ಲಿ ಯಾರು ಯಾರಿಗೆ ಹೊಂದಿಕೊಂಡರು ಅಂತ ನಾನು ಬರೆಯುವುದಿಲ್ಲ, ನೀವೇ ಯೋಚಿಸಿ. ಎರಡು ಧಾಟಿಗಳೂ ಮನೆ ಸೇರುವವರೆಗೆ ಎಷ್ಟು ಹೊತ್ತು ಸದ್ದು ನಿಂತರೂ ಅದು ಮುಗಿದ ಹಾಗಲ್ಲ ಅಂತ ಅಜ್ಜ ನೂರು ಸಲ ಹೇಳಿದ.

ಫೆಬ್ರವರಿಯಲ್ಲಿ ಮೇಲ್ವಿಚಾರಕರು ನನ್ನನ್ನು ಪರೀಕ್ಷೆ ಮಾಡಿದರು. ಮೂರು ಕಛೇರಿ, ಅವರ ಪಕ್ಕದಲ್ಲಿ ನಿಂತು ಪ್ರತಿ ಭಾಗ ಮುಗಿದಾಗ ನಾನು ಬೆರಳೆತ್ತಬೇಕು. ಒಂದು ಸಲವೂ ತಪ್ಪಲಿಲ್ಲ. ನನಗೆ ನನ್ನ ಬಾಗಿಲು ವಾಪಸು ಬಂತು. ಇವಳಿಗೆ ಹೇಳಿದೆ, ಹೂಂ ಅಂದಳು. ನಿಲ್ಲು ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

ನಿನ್ನೆ ಸಂಜೆ ಅವಳ ಕಾರ್ಯಕ್ರಮ. ಅವರು ನುಡಿಸುವುದನ್ನು ನಾನು ಒಂದು ಸಲವೂ ಕಿವಿಯಾರೆ ಕೇಳಿರಲಿಲ್ಲ, ಕೆಳಮನೆಯಲ್ಲಿ ಹಸುಗೂಸು ಇರುವುದರಿಂದ ಅವಳು ತನ್ನ ದಪ್ಪ ಪಿಟೀಲು, ಆ ವಯೋಲಾವನ್ನು ಶಾಲೆಯಲ್ಲೇ ಅಭ್ಯಾಸ ಮಾಡುತ್ತಾಳೆ. ಸಿಂಫನಿಯ ಮೊದಲ ಭಾಗ ಶುರುವಾಗಿ ಐದು ನಿಮಿಷಕ್ಕೆ ಸಭಾಂಗಣದ ಅಧ್ಯಕ್ಷರು ಹೆಂಡತಿಯ ಸಮೇತ ಏದುಸಿರು ಬಿಡುತ್ತಾ ಬಂದರು. ಕಾಯಿಸಿದೆ. ಒಳಗೆ ಧಾಟಿಗಳ ಆ ಅಲೆದಾಟ ಜೋರಾಯಿತು, ಜೋರಾಗುತ್ತಾ ಹೋಗಿ ಗಕ್ಕನೆ ನಿಂತಿತು. ಪಿಟ್ಟೆನ್ನುವ ಸದ್ದಿಲ್ಲ. ಮೇಲ್ವಿಚಾರಕರು, ಎಂಥ ತಿಳಿದವರು, ಅಧ್ಯಕ್ಷರನ್ನು ನೋಡಿ ಕೈಕಾಲು ಬಿಟ್ಟಿದ್ದರು, ‘ನಿಂತಿತು, ತೆಗೀರಿ ತೆಗೀರಿ’ ಅಂದರು. ಅಧ್ಯಕ್ಷರು ತಾವೇ ಹಿಡಿಕೆಗೆ ಕೈ ಹಾಕಿದರು. ನಾನು ಅಡ್ಡ ನಿಂತೆ. ‘ಮೊದಲನೇ ಧಾಟಿ ಇನ್ನೂ ಮನೆಗೆ ಬಂದಿಲ್ಲ ಸಾರ್, ತೆಗೆಯಲ್ಲ’ ಅಂದೆ. ಇದು ತಪ್ಪಾದರೆ ಬಾಗಿಲೂ ಇಲ್ಲ, ಕೆಲಸವೂ ಇಲ್ಲ, ಮಗಳ ಮುಂದೆ ಮುಖವೂ ಇಲ್ಲ.

ಆಗ ಆ ಮೌನದಲ್ಲಿ ಒಂದೇ ಒಂದು ವಯೋಲಾ ಎದ್ದಿತು. ಬಾಗಿಲ ಗಾಜಿನಲ್ಲಿ ನೋಡಿದೆ, ನಮ್ಮವಳೇ. ಅಷ್ಟೂ ಜನ ಕಮಾನು ಇಳಿಸಿ ಕೂತಿದ್ದಾರೆ, ಇವಳೊಬ್ಬಳೇ ಮೊದಲನೇ ಧಾಟಿಯನ್ನು ಹಗೂರಾಗಿ ಹಿಡಿದು ಬರುತ್ತಿದ್ದಾಳೆ. ಅವಳಿಗೆ ಒಬ್ಬಳೇ ನುಡಿಸುವ ಭಾಗ ಇದೆ ಅಂತ ಮನೆಯಲ್ಲಿ ಉಸಿರೇ ಬಿಟ್ಟಿರಲಿಲ್ಲ ಕಳ್ಳಿ. ನಾನು ಬಾಗಿಲು ತೆಗೆದಿದ್ದರೆ ಮೊಗಸಾಲೆಯ ಬೆಳಕೆಲ್ಲ ಅವಳ ಮುಖಕ್ಕೇ ಹೊಡೆಯುತ್ತಿತ್ತು. ರೀ, ನನಗೆ ಎಷ್ಟು ಹೆಮ್ಮೆಯಾಯಿತು ಅಂದರೆ ಅವಳ ಬಗ್ಗೆಯೋ ನನ್ನ ಬಗ್ಗೆಯೋ ಅಂತ ಬಿಡಿಸಿ ಹೇಳಲಾರೆ. ಇಬ್ಬರ ಬಗ್ಗೆಯೂ ಅಂತ ಇಟ್ಟುಕೊಳ್ಳಿ. ಆ ಭಾಗ ಪೂರ್ತಿ ಮುಗಿದ ಮೇಲೆ ಬಾಗಿಲು ತೆಗೆದೆ, ಅಧ್ಯಕ್ಷರು ಮುಖ ಊದಿಸಿಕೊಂಡು ಒಳಗೆ ಹೋದರು. ಕಾರ್ಯಕ್ರಮ ಮುಗಿದ ಮೇಲೆ ಅವರ ಹೆಂಡತಿ ಮಾತ್ರ ನನ್ನ ಕೈ ಹಿಡಿದು ಥ್ಯಾಂಕ್ಸ್ ಹೇಳಿ ಹೋದರು.

ಹೊತ್ತಾಯಿತು, ಬಟ್ಟೆ ನೆನೆಹಾಕಿದ್ದೇನೆ. ಹೊಟ್ಟೆ ತುಂಬ ಊಟ ಮಾಡಿ, ಮಾತ್ರೆ ಮರೆಯಬೇಡಿ. ನಿಮ್ಮ ಜೊತೆ ಕೆಲಸ ಮಾಡುವವರಿಗೆಲ್ಲ ನನ್ನ ನೆನಪು ತಿಳಿಸಿ.

ಸದಾ ನಿಮ್ಮವಳೇ,
ಮಗಳ ಅಮ್ಮ

ಮರೆತೆ: ಬರೆಯಲು ಕೂತಿದ್ದೇ ಇದನ್ನು, ಇದೇ ಬಿಟ್ಟುಹೋಯಿತು. ಕೊನೆಗೆ ಎಲ್ಲರೂ ಹೊರಗೆ ಬಂದರು, ಇವಳೂ ಬಂದಳು, ಪಕ್ಕದಲ್ಲಿ ಆ ಗೆಳತಿಯರು, ಹಿಂದೆ ಅವರ ಕಂಡಕ್ಟರ್. ನೋಡದ ಹಾಗೆ ಹೋಗಲಿ ಪಾಪ ಅಂತ ನಾನೇ ಆ ಕಡೆ ತಿರುಗಿಕೊಂಡೆ. ನೇರ ನನ್ನ ಹತ್ತಿರ ಬಂದು ತೋಳು ಹಿಡಿದುಕೊಂಡಳು. ‘ಸಾರ್, ಇವರು ನಮ್ಮಮ್ಮ. ಇಲ್ಲೇ ಬಾಗಿಲಲ್ಲಿ ಕೆಲಸ’ ಅಂದಳು, ಎಲ್ಲರಿಗೂ ಕೇಳುವ ಹಾಗೆ.