ಕೋಲಿನ ತುದಿಯ ಉಂಗುರ

ಮಿಲ್ಪಿಟಾಸ್
ಜನವರಿ 18, 2026, ಭಾನುವಾರ

ವಿನೋದಾ,

ನಿನ್ನ ಹೆಸರಿನ ಹಿಂದೆ ಏನು ಬರೆಯಬೇಕೆಂದು ತೋಚದೆ ಖಾಲಿ ಬಿಟ್ಟಿದ್ದೇನೆ. ಎರಡೂವರೆ ವರ್ಷ ಬೇರೆ ಬೇರೆ ಮನೆಗಳಲ್ಲಿದ್ದ ಗಂಡ ಹೆಂಡತಿ ಕಾಗದದಲ್ಲಿ ಒಬ್ಬರನ್ನೊಬ್ಬರು ಏನೆಂದು ಕರೆಯುತ್ತಾರೋ ಗೊತ್ತಿಲ್ಲ. ನೀನು ಕ್ಷೇಮವೆಂದುಕೊಂಡಿದ್ದೇನೆ. ನಾನೂ ಇದ್ದೇನೆ.

ನಿನ್ನ ಮೆಸೇಜು ಶುಕ್ರವಾರ ಮೀಟಿಂಗಿನ ನಡುವೆ ಬಂತು. ಸುರಕ್ಷಾ ಮುಂದಿನ ಶನಿವಾರ ಆ ಲೇಕಿಗೆ ಹೋಗ್ತಾಳಂತೆ, ಅಜ್ಜನ ಫಿಶಿಂಗ್ ರಾಡು ತಗೊಂಡು. ನೀವು ಬೇಕಾದ್ರೆ ಬರಬಹುದಂತೆ. ಅದಕ್ಕೆ ಮುಂಚೆ ಒಂದು ಕೇಳು ಅಂದ್ಲು, ರಾಡಿನ ರಿಂಗುಗಳಲ್ಲಿ ಐಸು ಕಟ್ಟದ ಹಾಗೆ ಏನು ಹಚ್ಚಬೇಕು, ಅಜ್ಜನ ಎಣ್ಣೆ ಒಂದು ಬಿಟ್ಟು, ಎಂದು ನೀನು ಬರೆದಿದ್ದೆ.

ಬೇಕಾದರೆ ಬರಬಹುದು. ಆ ಎರಡು ಪದಗಳನ್ನು ಎಷ್ಟು ಸಲ ಓದಿದೆನೆಂದು ಬರೆಯುವುದಿಲ್ಲ. ಇಷ್ಟು ದಿನ ಮಗಳು ನನಗೆ ಕಳಿಸಿದ್ದೆಲ್ಲ 'ಓಕೆ', 'ಬ್ಯುಸಿ', ಹುಟ್ಟುಹಬ್ಬಕ್ಕೊಂದು ಕೇಕಿನ ಚಿತ್ರ. ಶನಿವಾರ ಐದು ಗಂಟೆ ಹೊತ್ತು ಅವಳ ಪಕ್ಕದ ಸೀಟಿನಲ್ಲಿ ಕೂರುವುದು ನನಗೆ ಬೇಕು. ಬೇಕು ಎಂದು ಇಷ್ಟು ನೇರವಾಗಿ ಬರೆದು ಬಹಳ ಕಾಲವಾಯಿತು.

ಫೋನಿನಲ್ಲೇ ಉತ್ತರಿಸಬಹುದಿತ್ತು. ಕಾಗದದಲ್ಲಿ, ಕನ್ನಡದಲ್ಲಿ ಬರೆಯುತ್ತಿರುವುದು ಅವಳಿಗೆ ಕನ್ನಡ ಓದಲು ಬಾರದೆಂಬ ಧೈರ್ಯದಿಂದ. ನೀನು ಓದಿ ಹೇಳಬೇಕು. ಏನು ಹೇಳುತ್ತೀ, ಏನು ಬಿಡುತ್ತೀ ಎಂಬುದು ನಿನ್ನದು. ಕಷ್ಟದ ಕೆಲಸವನ್ನು ನಯವಾಗಿ ಇನ್ನೊಬ್ಬರ ಮೇಜಿಗೆ ಸರಿಸುವುದು ನನ್ನ ಹಳೆಯ ಚಾಳಿ ಎಂದು ನೀನು ಹೇಳುತ್ತಿದ್ದೆ. ಹೌದು.

ಮೊದಲು ಉತ್ತರ. ಗಾಳದ ಕೋಲಿನುದ್ದಕ್ಕೂ ದಾರ ಹಾಯಲು ಉಂಗುರಗಳಿರುತ್ತವೆ. ಬುಡದಲ್ಲಿ ದೊಡ್ಡವು, ತುದಿಗೆ ಹೋದಂತೆ ಚಿಕ್ಕವು. ದಾರ ಸುತ್ತಿಕೊಂಡಾಗಲೆಲ್ಲ ಅದು ನೀರು ಹೊತ್ತು ತರುತ್ತದೆ. ಆ ಚಳಿಯಲ್ಲಿ ಒಂದೊಂದೇ ಹನಿ ಉಂಗುರದಲ್ಲಿ ನಿಂತು ಗಟ್ಟಿಯಾಗಿ, ಸೂಜಿಯ ಕಣ್ಣಿನಷ್ಟು ಜಾಗ ಉಳಿದು, ಆಮೇಲೆ ಅದೂ ಉಳಿಯುವುದಿಲ್ಲ. ತುಟಿಗೆ ಹಚ್ಚುವ ಲಿಪ್ ಬಾಮನ್ನು ಬೆರಳಿನಿಂದ ಉಂಗುರಗಳ ಒಳಗೆ ಸವರಬೇಕು. ಗಂಟೆಗೊಮ್ಮೆ ಮತ್ತೆ ಸವರಬೇಕು. ಐಸು ಕಟ್ಟಿದರೆ ಉಗುರಿನಿಂದ ಕೀಳಬಾರದು, ಒಳಗಿನ ನಯವಾದ ಬಳೆ ಬಿರುಕು ಬಿಡುತ್ತದೆ. ಕೋಲಿನ ತುದಿಯನ್ನು ಕೆರೆಯ ನೀರಿನಲ್ಲಿ ಮುಳುಗಿಸಿ ಹಿಡಿದರೆ ತಾನಾಗಿ ಕರಗುತ್ತದೆ. ಗಾಳಿಗಿಂತ ನೀರೇ ಬೆಚ್ಚಗಿರುತ್ತದೆ ಎಂದರೆ ನಂಬುವುದಕ್ಕೆ ಹೊತ್ತು ಹಿಡಿಯುತ್ತದೆ. ದಾರ ಸುತ್ತುವ ರೀಲನ್ನು ಮಾತ್ರ ಮುಳುಗಿಸಬಾರದು.

ಇಷ್ಟೇ ಅವಳು ಕೇಳಿದ್ದು. ಇಲ್ಲಿಗೆ ನಿಲ್ಲಿಸಬಹುದು.

ಆದರೆ ಹಿಂದೆ ಆ ಕೆರೆಗೆ ಹೋದ ದಿನ ನೀನು ಬಂದಿರಲಿಲ್ಲ. ನಿನಗೆ ಗೊತ್ತಿರುವುದು ನಾವು ಮೂವರು ಹಿಂತಿರುಗಿ ಹೇಳಿದಷ್ಟು, ಅದೂ ಒಬ್ಬರು ಹೇಳಿದ್ದನ್ನು ಇನ್ನಿಬ್ಬರು ತಿದ್ದದೆ ಬಿಟ್ಟದ್ದು.

ಮೂರು ವರ್ಷದ ಹಿಂದಿನ ಜನವರಿ. ಆ ಚಳಿಗಾಲ ನಿನ್ನ ಅಪ್ಪ ನಮ್ಮಲ್ಲಿದ್ದರು. ಪಸಿಫಿಕಾದಲ್ಲಿ ಕಡಲಿಗೆ ಚಾಚಿದ ಪಿಯರಿನ ಮೇಲೆ ನಿಂತು ಸುರಕ್ಷಾಗೆ ಗಾಳ ಹಾಕಲು ಕಲಿಸಿದವರು ಅವರೇ. ಉದ್ಯಾವರದ ಹೊಳೆಬದಿಯ ಭೋಜಣ್ಣನಿಗೆ ಪಸಿಫಿಕ್ ಸಾಗರವೂ ಒಂದು ದೊಡ್ಡ ಹೊಳೆ. ಅವರಿಬ್ಬರ ನಡುವೆ ಇದ್ದ ಭಾಷೆ ಅರ್ಧ ತುಳು, ಅರ್ಧ ಕೈಸನ್ನೆ. ನನಗೆ ಅದರಲ್ಲಿ ಪ್ರವೇಶವಿರಲಿಲ್ಲ. ಬಹುಶಃ ಅದಕ್ಕೇ ನೆವಾಡಾದ ಆ ಕೆರೆಗೆ ಹೋಗುವ ಯೋಜನೆ ನಾನೇ ಹಾಕಿದೆ, ನಕ್ಷೆ ನೋಡುವುದು ನನಗಾದರೂ ಬರುತ್ತಿತ್ತಲ್ಲ.

ಮರುಭೂಮಿಯ ನಡುವಿನ ಕೆರೆ. ಜನ ನೀರಿನೊಳಗೆ ಅಲ್ಯೂಮಿನಿಯಂ ಏಣಿ ನಿಲ್ಲಿಸಿ, ಅದರ ಮೇಲೆ ನಿಂತು ಗಾಳ ಎಸೆಯುತ್ತಾರೆ. ಅದನ್ನು ಕಂಡು ಮಾವ, ಎಂತ ಮಾರಾಯ, ಒಂದು ತೆಂಗಿನಮರ ಇಲ್ಲದ ಊರಲ್ಲಿ ಎಲ್ಲರ ಹತ್ರವೂ ಏಣಿ ಉಂಟಲ್ಲ, ಎಂದು ನಕ್ಕರು. ಅವರು ಆ ದಿನ ನಕ್ಕದ್ದು ಅದೊಂದೇ ಸಲವೆಂದು ನೆನಪು.

ಬೆಳಿಗ್ಗೆ ಮೋಟೆಲ್ಲಿನಲ್ಲಿ ಅವರು ತಮ್ಮ ತೆಂಗಿನೆಣ್ಣೆಯ ಬಾಟಲಿ ತೆಗೆದಿದ್ದರು. ಚಳಿಗೆ ಬಿಳಿಯಾಗಿ ಹೆಪ್ಪುಗಟ್ಟಿತ್ತು. ಕಂಕುಳಲ್ಲಿಟ್ಟು ಮೆದುಮಾಡಿ, ಕೋಲಿನ ಪ್ರತಿ ಉಂಗುರಕ್ಕೂ ಕಿರುಬೆರಳಿನಿಂದ ಸವರಿದರು. ಎಣ್ಣೆ ಇದ್ದಲ್ಲಿ ನೀರು ನಿಲ್ಲುವುದಿಲ್ಲ ಎಂದರು. ಮಾವ, ಅದು ಈ ಚಳಿಗೆ ಕಲ್ಲಾಗುತ್ತೆ ಎಂದು ನಾನು ಹೇಳಿದೆ. ಗಟ್ಟಿಯಾದರೆ ಒಳ್ಳೇದೇ ಆಯ್ತಲ್ಲ, ಜಾರಿ ಹೋಗುವುದಿಲ್ಲ, ಎಂದರು. ನಾನು ಇಂಜಿನಿಯರು, ನಗಲಿಲ್ಲ, ಆದರೆ ಸುರಕ್ಷಾಗೆ ಕಾಣುವಂತೆ ಹುಬ್ಬೇರಿಸಿದೆ.

ಅವಳಿಗೆ ಆಗ ಹದಿನಾಲ್ಕು. ಮೂರು ಗಂಟೆ ಏಣಿಯ ಮೇಲೆ ನಿಂತಳು. ಮೀನು ಕಚ್ಚಿದಾಗ ಕೋಲು ಅರ್ಧಚಂದ್ರವಾಯಿತು. ಮೀನು ಎಳೆಯಿತು, ದಾರ ಓಡಿತು. ಮತ್ತೆ ಎಳೆಯಿತು, ಓಡಲಿಲ್ಲ. ತುದಿಯ ಉಂಗುರ ಪೂರ್ತಿ ಮುಚ್ಚಿಹೋಗಿತ್ತು. ದಾರ ಕಡಿದ ಸದ್ದು ದಡದ ತನಕ ಕೇಳಿಸಿತು. ಆಮೇಲೆ ಅವಳು ಕೂಗಿದ್ದು ಕೇಳಿಸಿತು: ಇಟ್ಸ್ ಯುವರ್ ಸ್ಟುಪಿಡ್ ಆಯಿಲ್, ಅಜ್ಜ! ಅಕ್ಕಪಕ್ಕದ ಏಣಿಗಳೆಲ್ಲ ತಿರುಗಿ ನೋಡಿದವು.

ಮಾವ ನೀರಿಗಿಳಿದು ಕೋಲು ಈಸಿಕೊಂಡರು. ತುದಿಯನ್ನು ಅಂಗೈಯಲ್ಲಿ ಬಿಸಿಮಾಡಿ, ಮೂಗಿನ ಹತ್ತಿರ ಹಿಡಿದು ಮೂಸಿದರು. ನನ್ನ ಕಡೆ ನೋಡಿದರು, ಹೆಚ್ಚು ಹೊತ್ತಲ್ಲ. ಮತ್ತೆ ಅವಳಿಗೆ, ಹೌದು ಮಗಾ, ನನ್ನ ಎಣ್ಣೆ ಈ ಊರಿಗೆ ಆಗುವುದಿಲ್ಲ, ನನ್ನದೇ ತಪ್ಪು, ಎಂದರು.

ಮಾರ್ಚಿನಲ್ಲಿ ಅವರು ಊರಿಗೆ ಹೋದರು, ಕೋಲು ಬಿಟ್ಟು. ಆ ಬೇಸಿಗೆಯಲ್ಲಿ ನಾನು ಈ ಅಪಾರ್ಟ್‌ಮೆಂಟಿಗೆ ಬಂದೆ. ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಜ್ಜನಿಗೆ ಸಾರಿ ಹೇಳಲೇ ಇಲ್ಲವೆಂದು ಸುರಕ್ಷಾ ಗರಾಜಿನಲ್ಲಿ ಕೂತು ಅತ್ತದ್ದನ್ನು ನೀನೇ ಫೋನು ಮಾಡಿ ಹೇಳಿದ್ದೆ. ಮಕ್ಕಳ ಮಾತು, ಅವರು ಮನಸ್ಸಿಗೆ ಹಚ್ಚಿಕೊಂಡಿರಲಿಕ್ಕಿಲ್ಲ ಎಂದೆ ನಾನು. ಸಮಾಧಾನಕ್ಕೆ ಇಂಥ ವಾಕ್ಯಗಳು ನನ್ನಲ್ಲಿ ಯಾವಾಗಲೂ ಸಿದ್ಧವಿರುತ್ತವೆ.

ಈಗ ಅವಳು ಅದೇ ಕೋಲು ಹಿಡಿದು ಅದೇ ಕೆರೆಗೆ ಹೊರಟಿದ್ದಾಳೆ. ಮೀನಿಗಲ್ಲ ಎಂದು ನಿನಗೂ ಗೊತ್ತಿದೆ.

ಚಕ್ರಕ್ಕೆ ಹಾಕುವ ಚೈನು ನನ್ನ ಕಾರಿನಲ್ಲಿದೆ. ಘಟ್ಟದಲ್ಲಿ ಹಿಮ ಬಿದ್ದಿರಬಹುದು, ನಾನು ಬರದಿದ್ದರೂ ತೆಗೆದುಕೊಂಡು ಹೋಗಲಿ. ಕೈಗವಸು ಎರಡು ಜೊತೆ. ಒಂದು ಒದ್ದೆಯಾಗುತ್ತದೆ.

ಇಷ್ಟು ಬರೆಯುವ ಹೊತ್ತಿಗೆ ಆಯಾಸವಾಗಿದೆ. ಯಾವುದರಿಂದ ಎಂದು ಕೇಳಬೇಡ, ಮುಂದೆ ಬರೆಯುತ್ತೇನೆ ಅಥವಾ ಬರೆಯುವುದಿಲ್ಲ.

ಇಂತಿ, ಇನ್ನೂ ಅದೇ
ಸಂಪತ್

ಮರೆತದ್ದಲ್ಲ, ಬಿಟ್ಟದ್ದು: ನಾಳೆ ರಜೆ, ಅಂಚೆ ಇಲ್ಲ. ಹಾಗಾಗಿ ಮಡಚಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ.

ಆ ಬೆಳಿಗ್ಗೆ ಕೆರೆಯ ಪಾರ್ಕಿಂಗಿನಲ್ಲಿ ಮಾವ ಟಾಯ್ಲೆಟ್ಟಿಗೆ ಹೋಗಿದ್ದರು, ಸುರಕ್ಷಾ ಏಣಿ ಇಳಿಸುತ್ತಿದ್ದಳು. ಪಕ್ಕದ ಟ್ರಕ್ಕಿನವನು ನಮ್ಮ ಕೋಲಿನ ಕಡೆ ನೋಡಿ ಮೂಗು ಮುಚ್ಚಿಕೊಂಡಂತೆ ನನಗನಿಸಿತು. ಅನಿಸಿತು, ಅಷ್ಟೇ, ಅವನಿಗೆ ಸೀನು ಬಂದಿತ್ತೋ ಏನೋ. ಕಾರಿನಲ್ಲಿದ್ದ ಸ್ಯಾನಿಟೈಸರನ್ನು ಟಿಶ್ಯೂಗೆ ಸುರಿದು ಅಷ್ಟೂ ಉಂಗುರಗಳ ಎಣ್ಣೆಯನ್ನು ಒರೆಸಿ ತೆಗೆದೆ. ಬದಲಿಗೆ ಹಚ್ಚಲು ಲಿಪ್ ಬಾಮ್ ನನ್ನ ಜೇಬಿನಲ್ಲೇ ಇತ್ತು. ಅಷ್ಟರಲ್ಲಿ ಆಫೀಸಿನಿಂದ ಫೋನು ಬಂತು, ಹಚ್ಚುವುದು ಉಳಿದುಹೋಯಿತು.

ಮಾವ ಮೂಸಿ ನೋಡಿದಾಗ ಉಂಗುರದಲ್ಲಿ ಎಣ್ಣೆಯ ವಾಸನೆಯೇ ಇರಲಿಲ್ಲ. ಅವರಿಗೆ ಗೊತ್ತಿತ್ತು, ವಿನೋದಾ. ನನ್ನ ಮಗಳ ಎದುರಿಗೆ ನನ್ನನ್ನು ಉಳಿಸಿದರು. ನಾನು ಸುಮ್ಮನಿದ್ದು ಉಳಿದೆ.

ಶುಕ್ರವಾರ ನಿನ್ನ ಮೆಸೇಜು ಬಂದ ಮೇಲೆ ಅಂಗಡಿಯಿಂದ ಎರಡು ಉಂಗುರ ತಂದು, ಒಂದಕ್ಕೆ ತೆಂಗಿನೆಣ್ಣೆ ಸವರಿ, ಒಂದನ್ನು ಹಾಗೇ ಬಿಟ್ಟು, ಮತ್ತೆ ಮತ್ತೆ ನೀರಿಗದ್ದಿ ಫ್ರೀಜರಿನಲ್ಲಿಟ್ಟೆ. ಬರಿಯ ಉಂಗುರ ಮುಚ್ಚಿಹೋಯಿತು. ಎಣ್ಣೆಯದರಲ್ಲಿ ಕಟ್ಟಿದ್ದು ತಟ್ಟಿದರೆ ಉದುರಿತು.

ಮೇಲಿನದನ್ನೆಲ್ಲ ಬಿಟ್ಟರೂ ಇದನ್ನು ಅವಳಿಗೆ ಶನಿವಾರಕ್ಕೆ ಮೊದಲೇ ಓದಿ ಹೇಳು. ಆಮೇಲೂ ಬರಬಹುದು ಎಂದರೆ ಬರುತ್ತೇನೆ. ಏನು ಹಚ್ಚಬೇಕೆಂದು ಕೇಳಿದ್ದಳಲ್ಲ, ಅಜ್ಜನ ಎಣ್ಣೆಯೇ ಸಾಕು. ಯಾರೂ ಒರೆಸದಂತೆ ನೋಡಿಕೊಳ್ಳಲಿ.