ಬೇತಮಂಗಲಕ್ಕೆ ಹೋಗಿಬರುವಷ್ಟು ಚಾರ್ಜು

ಚಾಂಪಿಯನ್ ರೀಫ್ಸ್,
ಭಾನುವಾರ, ೧೪ನೇ ಫೆಬ್ರವರಿ ೧೯೪೩

ಪ್ರೀತಿಯ ಅಣ್ಣನಿಗೆ ತಮ್ಮ ಕದಿರಪ್ಪ ಮಾಡುವ ನಮಸ್ಕಾರಗಳು.

ಕೆಮ್ಮು ಹೇಗಿದೆ? ಹಿಂದಿನ ಕಾಗದದಲ್ಲಿ ನಿನ್ನ ತೂಕ ಬರೆದಿರಲಿಲ್ಲ. ಈ ಸಲ ಬರೆ. ಆಸ್ಪತ್ರೆಯವರು ಕೊಡುವ ಹಾಲನ್ನು ಪೂರ್ತಿ ಕುಡಿಯುತ್ತೀಯಾ ಎಂದು ಅತ್ತಿಗೆ ಕೇಳುತ್ತಿದ್ದಾರೆ. ನನ್ನ ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದಾರೆ. ಓದು ಬಾರದವರಾದ್ದರಿಂದ, ಬರೆದದ್ದನ್ನೆಲ್ಲ ಸಾಲುಸಾಲಾಗಿ ಓದಿ ಹೇಳಬೇಕು.

ನಿನ್ನ ಡ್ರೈವರ್ ಕೆಲಸ ನಿನ್ನ ಹೆಸರಿನಲ್ಲೇ ಇದೆ, ನಾನು ಬದಲಿ ಅಷ್ಟೆ. ಪೆಟ್ರೋಲಿಗೆ ರೇಷನ್ ಬಂದಂದಿನಿಂದ ಗಣಿಯ ಇಂಜಿನಿಯರ್ ದೊರೆ ಗುರುವಾರ ಗುರುವಾರ ಬೇತಮಂಗಲದ ನೀರಿನ ಪಂಪು ನೋಡಲು ಹೋಗುವುದು ನಮ್ಮ ಹಳೆಯ ಬ್ಯಾಟರಿ ಕಾರಿನಲ್ಲೇ. ಹೋಗಿಬರಲು ಹದಿನಾಲ್ಕು ಮೈಲಿ. ನೀನಿದ್ದಾಗ ಒಂದು ಚಾರ್ಜಿಗೆ ಇಪ್ಪತ್ತೆಂಟು ಮೈಲಿ ಓಡುತ್ತಿತ್ತು. ಈಗ ಇಪ್ಪತ್ತನಾಲ್ಕು ಸೆಲ್ಲುಗಳಲ್ಲಿ ಐದು ಚಾರ್ಜು ಹಿಡಿಯುವುದಿಲ್ಲ. ಕಾರು ಶೆಡ್ಡಿಗೆ ತಾನಾಗಿ ಮರಳದ ದಿನ ಅದು ಗುಜರಿಗೆ, ಅದರ ಜೊತೆಗೆ ಕೆಲಸವೂ ಈ ಮನೆಯೂ ಇಲ್ಲ ಎಂದು ದೊರೆ ಹೇಳಿದ್ದಾರೆ. ಆದ್ದರಿಂದ ನೀನು ಕಲಿಸಿದಂತೆ ಬುಧವಾರ ಬೆಳಿಗ್ಗೆಯೇ ಚಾರ್ಜಿಗೆ ಹಾಕಿ, ಕರೆಂಟು ಕಡಿಮೆ ಇಟ್ಟು, ನಿಧಾನವಾಗಿ ತುಂಬಿಸುತ್ತೇನೆ. ಸೆಲ್ಲುಗಳಿಗೆ ಹಾಕಲು ಬಟ್ಟಿ ಇಳಿಸಿದ ನೀರು ಸಿಕ್ಕುವುದಿಲ್ಲ. ಹಿಡಿದಿಟ್ಟ ಮಳೆನೀರನ್ನು ಸೋಸಿ ಹಾಕುತ್ತೇನೆ. ಹಿಂದಿನ ಸೀಟು ಬಿಚ್ಚಿಟ್ಟಿದ್ದೇನೆ. ಟೈರಿಗೆ ಗಾಳಿ ಗಟ್ಟಿಯಾಗಿ ಹೊಡೆಯುತ್ತೇನೆ. ಇಳಿಜಾರಿನಲ್ಲಿ ಸ್ವಿಚ್ಚು ಆರಿಸಿಬಿಡುವುದು, ಏರಿನಲ್ಲಿ ಎತ್ತಿನ ನಡಿಗೆ. ಭಾರ ಇಳಿಯಲೆಂದು ನಾನು ಒಪ್ಪೊತ್ತು ಉಣ್ಣುವುದು ಗೊತ್ತಾಗಿ ಅತ್ತಿಗೆ, "ನೀನೇನ್ ಮಣ ತೂಗ್ತೀಯಾ ಕದ್ರಪ್ಪ? ಉಪಾಸ ಆ ದೊರೆ ಕೈಲಿ ಮಾಡ್ಸು, ಒಟ್ಟೆ ಇರೋದು ಅವ್ನಿಗೆ" ಎಂದರು.

ಮೊನ್ನೆ ಗುರುವಾರವೂ ಕಾರು ಶೆಡ್ಡಿಗೆ ಬಂತು. ಇದನ್ನು ಅತ್ತಿಗೆ ಎರಡು ಸಲ ಓದಿಸಿಕೊಂಡರು. ನಲ್ಲಿಯ ಹತ್ತಿರ ಯಾರು ನಿನ್ನ ವಿಷಯ ಕೇಳಿದರೂ ಅವರದು ಒಂದೇ ಉತ್ತರ: "ಕೆಲ್ಸ ಇನ್ನೂ ಐತಲ್ಲ, ಅದು ಇರೋಗಂಟ ನಮ್ಮನೆಯವ್ರು ಬಂದೇ ಬತ್ತಾರೆ." ಹಾಗೆಯೇ ಬರೆ ಎಂದರು, ಬರೆದಿದ್ದೇನೆ.

ಅತ್ತಿಗೆಯ ನಮಸ್ಕಾರಗಳು. ಚೆನ್ನಾಗಿ ಉಂಡು ಮಲಗಬೇಕಂತೆ, ಬಿಸಿಲಿಗೆ ಓಡಾಡಬಾರದಂತೆ.

ನಿನ್ನ ತಮ್ಮ,
ಕದಿರಪ್ಪ

ಅತ್ತಿಗೆ ನೀರಿಗೆ ಹೋಗಿದ್ದಾರೆ, ಬೇಗ ಬರೆಯುತ್ತೇನೆ. ಗುರುವಾರ ಕಾರನ್ನು ಶೆಡ್ಡಿಗೆ ಎಳೆದು ತಂದದ್ದು ಗಾಡಿ ಸೊಣ್ಣಪ್ಪನ ಎತ್ತುಗಳು. ಚಾರ್ಜು ಮುಗಿದಾಗ ದಾರಿ ಇನ್ನೂ ಎರಡು ಮೈಲಿ ಉಳಿದಿತ್ತು. ದೊರೆ ಬೀಗದ ಕೈ ಅಲ್ಲೇ ಕೇಳಿ ತೆಗೆದುಕೊಂಡರು. ತಿಂಗಳ ಕೊನೆಗೆ ಮನೆ ಬಿಡಬೇಕು. ಮೂರು ದಿನದಿಂದ ಅತ್ತಿಗೆಗೆ ಹೇಳಲು ಹೋಗಿ ಹಿಂದೆ ಸರಿದಿದ್ದೇನೆ. ಕೆಲಸ ಹೋಯಿತೆಂದರೆ ನೀನೇ ಇನ್ನು ಬರುವುದಿಲ್ಲ ಎಂದುಕೊಳ್ಳುತ್ತಾರೆ. ಆ ಕೆಲಸ ಬೇಡವೆಂದು ನೀನೇ ಬಿಟ್ಟೆ, ವಾಸಿಯಾದ ಮೇಲೆ ಬೇರೆ ನೋಡಿಕೊಳ್ಳುತ್ತೀಯೆ, ಹೀಗೆಂದು ಒಂದು ಕಾಗದ ಹಾಕು. ಬರೆಯುವಷ್ಟು ಶಕ್ತಿ ಇಲ್ಲದಿದ್ದರೆ ಖಾಲಿ ಹಾಳೆಯನ್ನೇ ಮಡಿಸಿ ಕಳಿಸು. ನಾನು ಓದಿ ಹೇಳುತ್ತೇನೆ.